ಬ್ರಹ್ಮಗಿರಿಯ ಬಂಡೆಯ ಮೇಲಿನ 256

ಮೊಳಕಾಲ್ಮೂರು ಎಂದರೆ ಬಹಳ ಜನಕ್ಕೆ ನೆನಪಾಗುವುದು ರೇಷ್ಮೆ ಸೀರೆ. ಶಾಸನ ಓದುವ ನನ್ನಂಥವರಿಗೆ ಈ ತಾಲ್ಲೂಕು ಒಂದು ಸಂಖ್ಯೆಯ ಊರೂ ಹೌದು. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರುಬಂಡೆ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆದೇಶದ ಮೊದಲ ಭಾಗ 'ವ್ಯೂಥ' ಎಂಬ ಪದ ಮತ್ತು 256 ಎಂಬ ಸಂಖ್ಯೆಯೊಂದಿಗೆ ಮುಗಿಯುತ್ತದೆ.

ಇಂದು ನಾವು ಬರೆಯುವ 2, 5, 6 ಅಲ್ಲಿಲ್ಲ. 200ಕ್ಕೆ ಒಂದು ಗುರುತು, 50ಕ್ಕೆ ಇನ್ನೊಂದು, 6ಕ್ಕೆ ಮತ್ತೊಂದು. ಮೂರನ್ನೂ ಕೂಡಿಸಿ ಓದಬೇಕು. ಸ್ಥಾನಬೆಲೆಯಿಲ್ಲ, ಸೊನ್ನೆಯೂ ಬೇಕಿಲ್ಲ. ನಮ್ಮ ಬರವಣಿಗೆಯಲ್ಲಿ ನಡುವಿನ 5 ಅಳಿಸಿ ಉಳಿದವನ್ನು ಒತ್ತಟ್ಟಿಗೆ ಓದಿದರೆ 26 ಆಗಿಬಿಡುತ್ತದೆ. ಬಂಡೆಯ ಮೇಲೆ 50 ಸವೆದುಹೋಗಿದ್ದರೂ 200 ಇನ್ನೂರಾಗಿಯೇ ಉಳಿಯುತ್ತಿತ್ತು. ಕಲ್ಲಿಗೆ ಈ ಪದ್ಧತಿ ಚೆನ್ನಾಗಿ ಒಗ್ಗುತ್ತದೆ, ಗುಣಾಕಾರಕ್ಕೆ ಒಗ್ಗುವುದಿಲ್ಲ.

256 ಗಣಿತಪ್ರಿಯರನ್ನು ಸುಲಭವಾಗಿ ಸೆಳೆಯುವ ಸಂಖ್ಯೆ. ಹದಿನಾರರ ವರ್ಗ, ನಾಲ್ಕರ ನಾಲ್ಕನೆಯ ಘಾತ, ಎರಡರ ಎಂಟನೆಯ ಘಾತ. ಎಂಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಹಳೆಯ ಲೆಕ್ಕದಲ್ಲಿ ಹದಿನಾರು ರೂಪಾಯಿಗೆ 256 ಆಣೆ. ಇಂದಿನ ಕಂಪ್ಯೂಟರಿನಲ್ಲಿ ಒಂದು ಬೈಟ್ ತಾಳಬಲ್ಲ ಬೆಲೆಗಳೂ ಅಷ್ಟೇ. ಇಷ್ಟು ಅಚ್ಚುಕಟ್ಟಾದ ಸಂಖ್ಯೆ ಸುಮ್ಮನೆ ಬಂದಿರಲಾರದು ಅನಿಸುತ್ತದೆ. ಆದರೆ ಈ ಗುಣಗಳಲ್ಲಿ ಒಂದೂ ಮುಖ್ಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ: 256 ಏನು?

ಬ್ಯೂಲರ್ ಇದನ್ನು ಬುದ್ಧನಿರ್ವಾಣದಿಂದ ಕಳೆದ ವರ್ಷಗಳೆಂದು ಓದಿದರು. ಹಾಗಾಗಿದ್ದರೆ ಬುದ್ಧನ ಕಾಲವನ್ನೇ ಈ ಬಂಡೆ ನಿರ್ಧರಿಸುತ್ತಿತ್ತು. ಆದರೆ ಶಾಸನವನ್ನು ಕ್ರಿ.ಪೂ. 257ರ ಆಸುಪಾಸಿಗೆ ಇಟ್ಟರೆ ನಿರ್ವಾಣ ಕ್ರಿ.ಪೂ. 513ರ ಹತ್ತಿರಕ್ಕೆ ಹೋಗುತ್ತದೆ. ಸಿಂಹಳ ಸಂಪ್ರದಾಯದ 544ಕ್ಕೂ ಅದು ಹೊಂದದು, ವಿದ್ವಾಂಸರು ಬಹುಕಾಲ ಒಪ್ಪಿದ್ದ 483ಕ್ಕೂ ಹೊಂದದು. ಬಿಹಾರದ ಸಾಸಾರಾಮಿನ ಪಾಠದಲ್ಲಿ ಇದೇ ಸಂಖ್ಯೆ ಅಕ್ಷರದಲ್ಲೂ ಇದೆ; ಅದರೊಳಗೆ ರಾತ್ರಿ ಎಂಬರ್ಥದ 'ಲಾತಿ' ಅಡಗಿರುವುದನ್ನು ಎಫ್.ಡಬ್ಲ್ಯು. ಥಾಮಸ್ 1910ರಲ್ಲಿ ತೋರಿಸಿದರು. ಆಗ ಅರ್ಥ ಬದಲಾಯಿತು: ಮನೆಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿಗಳು. ಚಾಂದ್ರಮಾನದಲ್ಲಿ ಎಣಿಸಿದರೆ ಎಂಟು ತಿಂಗಳು ಮತ್ತು ಸುಮಾರು ಇಪ್ಪತ್ತು ದಿನ. ಒಬ್ಬ ಅರಸ ತಿರುಗಾಟದಲ್ಲಿ ಕಳೆಯಬಹುದಾದ ಕಾಲವೇ.

ಒಂದು ಪದ ಎರಡೂವರೆ ಶತಮಾನವನ್ನು ಒಂಬತ್ತು ತಿಂಗಳೊಳಗೆ ಇಳಿಸಿತು. ಅಂಕಿಯಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬ್ರಹ್ಮಗಿರಿಯ ಪಾಠವನ್ನು '256 ರಾತ್ರಿ' ಎಂದು ಅನುವಾದಿಸುವಾಗ ಸಂಖ್ಯೆ ಮೊಳಕಾಲ್ಮೂರಿನದು, ರಾತ್ರಿ ಸಾಸಾರಾಮಿನದು ಎಂಬುದನ್ನು ನಾವು ಹೇಳಲೇಬೇಕು. ಹಳೆಯ ಶಾಸನಗಳ ಅಳತೆ, ತೆರಿಗೆ, ದಾನದ ಲೆಕ್ಕಗಳನ್ನು ಬಳಸುವ ವಿದ್ಯಾರ್ಥಿಗಳಿಗೂ ಇದೇ ಮಾತು: ಎಷ್ಟು ಎಂದು ಬರೆದುಕೊಳ್ಳುವ ಮೊದಲು ಏನು ಎಂದು ಕೇಳಿ.