ಮೊದಲ ಹಿಮದ ಸ್ಕೀ ಜಾಡು

ಉತ್ತರ ಯೂರೋಪಿನ ಸೂಚಿಪರ್ಣಿ ಅರಣ್ಯಗಳಲ್ಲಿ ಶರತ್ಕಾಲವು ಹಿಂಜರಿದು, ವಸಂತದವರೆಗೆ ಕರಗದೆ ನಿಲ್ಲುವ ಹಿಮದ ಹೊದಿಕೆಯು ಇನ್ನೂ ನೆಲೆಗೊಳ್ಳದಿರುವ ಸಂಧಿಕಾಲದಲ್ಲಿ, ದೂರ ಸಾಗುವ ಸ್ಕೀಯಿಂಗಿಗಾಗಿ ಸಿದ್ಧಪಡಿಸಲ್ಪಡುವ ಹಾದಿ. ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ ಎನ್ಸಿಲುಮೆನ್‌ಲತು ಎಂದು ಹೆಸರು. ಎನ್ಸಿ ಎಂದರೆ ಮೊದಲು, ಲುಮಿ ಎಂದರೆ ಹಿಮ, ಲತು ಎಂದರೆ ಸ್ಕೀಗಳ ಜಾಡು. ಪ್ರಸ್ತುತ ಲೇಖನವು ಫಿನ್ಲೆಂಡಿನ ಪೂರ್ವಭಾಗದಲ್ಲಿ ಸುಮಾರು 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕೈನೂ ಪ್ರಾಂತವನ್ನು, ಅದರಲ್ಲಿಯೂ ಸೊತ್ಕಮೊ ಪುರಸಭೆಗೆ ಸೇರಿದ ವುವೊಕತ್ತಿ ಬೆಟ್ಟಸಾಲಿನ ಆಸುಪಾಸನ್ನು ಮುಖ್ಯವಾಗಿ ಅನುಲಕ್ಷಿಸಿದೆ. ಕನ್ನಡದಲ್ಲಿ ಹಿಮ, ಮಂಜು ಎಂಬ ಮಾತುಗಳು ಒಂದರ ಬದಲಿಗೆ ಇನ್ನೊಂದಾಗಿ ಬಳಕೆಯಾಗುವುದುಂಟಾದ್ದರಿಂದ, ಆಕಾಶದಿಂದ ಬೀಳುವ ಬಿಡಿಹರಳುಗಳನ್ನು ಇಲ್ಲಿ ಹಿಮವೆಂದೂ ಹೆಪ್ಪುಗಟ್ಟಿದ ನೀರನ್ನು ಮಂಜುಗಡ್ಡೆಯೆಂದೂ ಕರೆಯಲಾಗಿದೆ.

ಕಾಲ ಮತ್ತು ಹವೆ : ಕೈನೂವಿನಲ್ಲಿ ಮೊದಲ ಹಿಮವು ಅಕ್ಟೋಬರ್ ತಿಂಗಳಲ್ಲಿ ಬಿದ್ದು ಕರಗಿ, ಮತ್ತೆ ಬಿದ್ದು ಮತ್ತೆ ಕರಗಿ, ಸಾಮಾನ್ಯವಾಗಿ ನವೆಂಬರಿನಲ್ಲಿ ಸ್ಥಿರವಾಗುತ್ತದೆ, ಆದರೆ ವರ್ಷದಿಂದ ವರ್ಷಕ್ಕೆ ಇದರಲ್ಲಿ ಹಲವು ವಾರಗಳ ವ್ಯತ್ಯಾಸವುಂಟು. ನವೆಂಬರ್ ಮಧ್ಯಭಾಗದಲ್ಲಿ ನಡುಹಗಲ ಸೂರ್ಯನು ದಿಗಂತದಿಂದ ಏಳೆಂಟು ಡಿಗ್ರಿ ಮಾತ್ರ ಮೇಲೇರುವುದರಿಂದ ಬಿಸಿಲಿಗೆ ಹಿಮ ಕರಗುವುದೆಂಬುದು ಆಗ ಇಲ್ಲವೆನ್ನಬಹುದು. ಜಾಡನ್ನು ಕೆಡಿಸುವುದು ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ತೇವದ ಬೆಚ್ಚನೆಯ ಗಾಳಿ, ಅದರೊಡನೆ ಬರುವ ಮಳೆ, ಮತ್ತು ಬೇಸಗೆಯ ಶಾಖವನ್ನು ಇನ್ನೂ ಒಳಗಿಟ್ಟುಕೊಂಡಿರುವ ನೆಲ.

ನೆಲ ಮತ್ತು ಹಿಮದ ಸಂಬಂಧ : ಮೊದಲ ಜಾಡಿನ ಯೋಗ್ಯತೆಯನ್ನು ಹಿಮದ ದಪ್ಪದಿಂದ ಅಳೆಯುವುದು ವಾಡಿಕೆಯಾಗಿದ್ದರೂ, ಚಳಿ ಮೊದಲು ಬಂದಿತೋ ಹಿಮ ಮೊದಲು ಬಂದಿತೋ ಎಂಬುದನ್ನು ತಿಳಿಯದೆ ಆ ಅಳತೆಯಿಂದ ಹೆಚ್ಚಿನದೇನನ್ನೂ ಊಹಿಸಲು ಬರುವುದಿಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಹೊಸದಾಗಿ ಬಿದ್ದ ಒಣ ಹಿಮದ ಒಂದು ಘನ ಮೀಟರು 50 ರಿಂದ 100 ಕಿಲೋಗ್ರಾಮ್ ಮಾತ್ರ ತೂಗುತ್ತದೆ. ಅದರ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಆಗಿರುವುದರಿಂದ ಅದರ ಶಾಖವಾಹಕ ಶಕ್ತಿಯು ಮಂಜುಗಡ್ಡೆಯದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದಕಾರಣ ಇನ್ನೂ ಹೆಪ್ಪುಗಟ್ಟದ ಜೌಗಿನ ಮೇಲೆ ಒಂದೇ ರಾತ್ರಿಯಲ್ಲಿ ಮೊಳದುದ್ದ ಹಿಮ ಬಿದ್ದಿತೆಂದರೆ ಅದು ಕಂಬಳಿಯಂತೆ ನೆಲದ ಶಾಖವನ್ನು ಹಿಡಿದಿಡುತ್ತದೆ. ಮೇಲೆ ಗಾಳಿಯು ಶೂನ್ಯಕ್ಕಿಂತ 15 ಡಿಗ್ರಿ ಕೆಳಗಿಳಿದರೂ ಕೆಳಗೆ ಜೌಗು ವಾರಗಟ್ಟಲೆ ಮೆತ್ತಗೆಯೇ ಉಳಿಯುತ್ತದೆ. ಅಂಥಲ್ಲಿ ಸ್ಕೀ ಕೋಲನ್ನು ಊರಿದರೆ ಅದು ಹಿಮವನ್ನು ದಾಟಿ, ಕೆಳಗಿನ ಸ್ಫ್ಯಾಗ್ನಮ್ ಹಾವಸೆಯನ್ನೂ ದಾಟಿ ಇಳಿಯುತ್ತದೆ, ಮೇಲೆತ್ತಿದಾಗ ಆ ರಂಧ್ರದಲ್ಲಿ ಚಹದ ಬಣ್ಣದ ನೀರು ನಿಧಾನವಾಗಿ ತುಂಬಿಕೊಳ್ಳುತ್ತದೆ. ಆ ನೀರನ್ನು ಹೀರಿದ ಹಿಮವು ಬೂದಿಬಣ್ಣಕ್ಕೆ ತಿರುಗಿ, ಹಾದುಹೋಗುವ ಸ್ಕೀಗಳ ಅಡಿಗೆ ಅಂಟಿ ಮಂಜುಗಡ್ಡೆಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ಬರಿನೆಲದ ಮೇಲೆ ವಾರವೊಂದರ ಕಡುಚಳಿ ಬಿದ್ದು ಜೌಗು ಗಟ್ಟಿಯಾದ ಮೇಲೆ ಹಿಮ ಬಂದರೆ, ಸಮತಟ್ಟಾದ ಹಾದಿಗೆ ಗೇಣಿಗಿಂತ ಕಡಿಮೆ ಹಿಮವೂ ಸಾಲುತ್ತದೆ. ಕಲ್ಲುಬಂಡೆಗಳಿರುವ ಇಳಿಜಾರಿಗೆ ಅದರ ಎರಡರಷ್ಟು ಮೂರರಷ್ಟಾದರೂ ಬೇಕು.

ಫಿನ್ಲೆಂಡಿನ ಜೌಗುನೆಲಗಳಲ್ಲಿ ಅರ್ಧಕ್ಕೂ ಹೆಚ್ಚು ಭಾಗವನ್ನು, ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ, ಮರ ಬೆಳೆಸುವುದಕ್ಕಾಗಿ ಕಾಲುವೆ ತೋಡಿ ಬಸಿಯಲಾಗಿದೆ. ಹಾದಿಯು ಈ ಕಾಲುವೆಗಳನ್ನು ಅಡ್ಡಹಾಯುವ ಕಡೆಗಳಲ್ಲಿ ಹರಿಯುವ ನೀರು ಹಿಮವನ್ನು ಕೆಳಗಿನಿಂದ ತಿನ್ನುವುದರಿಂದ, ಮೇಲೆ ಅಚ್ಚಬಿಳುಪಾಗಿ ಕಾಣುವ ಜಾಡು ಒಳಗೆ ಪೊಳ್ಳಾಗಿರುವುದುಂಟು.

ಹಿಮವು ನೆಲೆನಿಂತ ಮೇಲೂ ತೆಳುಹೊದಿಕೆಗೆ ಇನ್ನೊಂದು ಅಪಾಯವುಂಟು. ಒಂದು ಮೀಟರ್ ದಪ್ಪಕ್ಕೆ 10 ಡಿಗ್ರಿಯ ಪ್ರಮಾಣವನ್ನು ಮೀರಿ ಉಷ್ಣತೆಯ ಅಂತರವೇರ್ಪಟ್ಟರೆ, ಅಡಿಯ ಬೆಚ್ಚನೆಯ ಪದರದಿಂದ ಆವಿಯು ಮೇಲಕ್ಕೇರಿ, ಹರಳುಗಳು ತಮ್ಮ ತಮ್ಮ ಬೆಸುಗೆಯನ್ನು ಕಳೆದುಕೊಂಡು, ಮೂಲೆಮೂಲೆಯಾದ ದೊಡ್ಡ ಕಣಗಳಾಗಿ ಮಾರ್ಪಡುತ್ತವೆಂದು ಹಿಮಶಾಸ್ತ್ರಜ್ಞರು ನಿರ್ಧರಿಸಿದ್ದಾರೆ. ಡಿಸೆಂಬರಿನ ಒಂದು ರಾತ್ರಿ ನೆಲದ ಬಳಿ ಶೂನ್ಯವೂ ಮೇಲ್ಮೈಯಲ್ಲಿ ಮೈನಸ್ 15 ಡಿಗ್ರಿಯೂ ಇದ್ದು, ಹಿಮವು 15 ಸೆಂಟಿಮೀಟರ್ ಮಾತ್ರ ದಪ್ಪವಾಗಿದ್ದರೆ, ಅಂತರವು ಮೀಟರಿಗೆ 100 ಡಿಗ್ರಿಯಾಯಿತು. ಅದೇ ಚಳಿಗೆ ಹಿಮವು 60 ಸೆಂಟಿಮೀಟರ್ ಇದ್ದಿದ್ದರೆ ಅಂತರವು 25 ಡಿಗ್ರಿಗೆ ಇಳಿಯುತ್ತಿತ್ತು. ಹೀಗೆ ರೂಪಾಂತರಗೊಂಡ ಹಿಮವನ್ನು ಅಂಗೈಗೆ ತೆಗೆದುಕೊಂಡು ಹಿಸುಕಿದರೆ ಉಂಡೆಯಾಗದೆ, ದಪ್ಪಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಎಷ್ಟು ಅದುಮಿದರೂ ಇದು ಬೇಗನೆ ಬೆಸೆಯುವುದಿಲ್ಲ; ಸ್ಕೀಗಾರನು ಒದ್ದು ಮುನ್ನುಗ್ಗುವ ಕ್ಷಣದಲ್ಲಿ ಜಾಡು ಅಡಿಯಿಂದಲೇ ಕುಸಿಯುತ್ತದೆ.

ಮರಗಳ ಪ್ರಭಾವ : ಸ್ಪ್ರೂಸ್ ಮರದ ಕೊಂಬೆಗಳು ಮೊದಲ ಹಿಮದ ಬಹುಭಾಗವನ್ನು ತಮ್ಮಲ್ಲೇ ಹಿಡಿದುಕೊಳ್ಳುವುದರಿಂದ, ದಟ್ಟವಾದ ಸ್ಪ್ರೂಸ್ ಕಾಡಿನ ನೆಲವು ಬಿಲ್ಬೆರಿ ಪೊದೆಗಳು ಕಾಣುವಷ್ಟು ಬರಿದಾಗಿರುವಾಗಲೇ ಎಲೆ ಉದುರಿದ ಬರ್ಚ್ ತೋಪಿನಲ್ಲಿ ಜಾಡು ಸಿದ್ಧವಾಗಿರುತ್ತದೆ, ಪೈನ್ ಕಾಡು ಇವೆರಡರ ನಡುವಿನದು. ಗಾಳಿ ಬೀಸಿದ ಮರುದಿನ ಜಾಡಿನ ತೋಡುಗಳಲ್ಲಿ ಸೂಜಿಯೆಲೆ, ತೊಗಟೆಯ ಚೂರು, ಗಡ್ಡದಂತೆ ಜೋಲುವ ಕಲ್ಲುಹೂವಿನ ಎಳೆಗಳು ಬಿದ್ದಿರುವುದು ಸಾಮಾನ್ಯ.

ಸಿದ್ಧತೆ : ಮೊದಲು ಹಗುರವಾದ ಸ್ನೋಮೊಬೈಲಿಗೆ ಉರುಳೆಯನ್ನು ಕಟ್ಟಿ ಹಾದಿಯನ್ನು ಅದುಮುತ್ತಾರೆ. ಇದರ ಉದ್ದೇಶವು ಇಮ್ಮಡಿಯಾದುದು. ಅದುಮಿದ ಹಿಮವು ಘನ ಮೀಟರಿಗೆ 400 ಕಿಲೋಗ್ರಾಮ್ ಅಥವಾ ಅದಕ್ಕೂ ಹೆಚ್ಚಿನ ಸಾಂದ್ರತೆಯನ್ನು ಹೊಂದಿ ಭಾರವನ್ನು ತಾಳುತ್ತದೆ. ಜೊತೆಗೆ ಅದರ ಶಾಖವಾಹಕತೆಯು ಏರುವುದರಿಂದ ಚಳಿಯು ಕೆಳಗಿಳಿದು ಜೌಗನ್ನು ಹೆಪ್ಪುಗಟ್ಟಿಸುತ್ತದೆ. ಅನುಭವಿಗಳು ಆದ್ದರಿಂದ ಜೌಗಿನ ಭಾಗವನ್ನೇ ಮೊದಲು ತುಳಿಸುತ್ತಾರೆ. ಅದುಮಿದ ಬಳಿಕ ಕಣಗಳು ಪರಸ್ಪರ ಬೆಸೆದುಕೊಳ್ಳಲು ಒಂದು ರಾತ್ರಿಯಷ್ಟು ಅವಕಾಶ ಬೇಕು. ಆ ಹೊತ್ತಿನಲ್ಲಿ ಒಬ್ಬನೇ ಒಬ್ಬ ನಡೆದುಹೋದರೂ ಅವನ ಹೆಜ್ಜೆಗುಂಡಿಗಳು ಮುಂದಿನ ಹಿಮಪಾತದವರೆಗೆ ಕಲ್ಲಾಗಿ ಉಳಿಯುತ್ತವೆ. ಭಾರಯಂತ್ರಗಳು ಬರುವುದು ಹೊದಿಕೆಯು ಸಾಕಷ್ಟು ದಪ್ಪವಾದ ಮೇಲೆ. ಸರೋವರಗಳ ಮೇಲಿನ ಹಾದಿ ಎಲ್ಲಕ್ಕಿಂತ ತಡ. ಹೊಸ ಹಿಮದ ಭಾರಕ್ಕೆ ತೆಳು ಮಂಜುಗಡ್ಡೆ ತಗ್ಗಿ, ಬಿರುಕುಗಳಿಂದ ಉಕ್ಕಿದ ನೀರು ಹಿಮದ ಮರೆಯಲ್ಲಿ ನಿಲ್ಲುತ್ತದೆ. ಇದಕ್ಕೆ ಅಲ್ಲಿಯವರು ಉಹ್ಕು ಎನ್ನುತ್ತಾರೆ.

ಕೂಡಿಟ್ಟ ಹಿಮ : ನಿಸರ್ಗದ ಹಿಮವನ್ನು ಕಾಯದೆ ಅಕ್ಟೋಬರಿನಲ್ಲೇ ಜಾಡನ್ನು ತೆರೆಯುವ ಸಲುವಾಗಿ, ಹಿಂದಿನ ಚಳಿಗಾಲದ ಕಡುಚಳಿಯಲ್ಲಿ ಯಂತ್ರದಿಂದ ತಯಾರಿಸಿದ ಹಿಮವನ್ನು ರಾಶಿಹಾಕಿ, ಗರಗಸದ ಹೊಟ್ಟಿನಿಂದ ಮುಚ್ಚಿ, ಬೇಸಗೆಯನ್ನು ದಾಟಿಸಿ, ಶರತ್ಕಾಲದಲ್ಲಿ ಹಾದಿಯ ಮೇಲೆ ಹರಡುವ ಪದ್ಧತಿಯು ವುವೊಕತ್ತಿಯಲ್ಲಿ ರೂಢಿಯಲ್ಲಿದೆ. ಹೊಟ್ಟು ಶಾಖವನ್ನು ತಡೆಯುವುದಲ್ಲದೆ, ಕರಗಿದ ನೀರನ್ನು ಹೀರಿ ಆವಿಯಾಗಿಸುವ ಮೂಲಕ ರಾಶಿಯನ್ನು ತಂಪಾಗಿಡುತ್ತದೆ. ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ 2015ರ ಬೇಸಗೆಯಲ್ಲಿ ಅಳೆದು ನೋಡಿದಾಗ, 40 ಸೆಂಟಿಮೀಟರ್ ಹೊಟ್ಟಿನ ಅಡಿಯಲ್ಲಿ ಸುಮಾರು ಮುಕ್ಕಾಲು ಪಾಲು ಹಿಮ ಉಳಿದುಬಂದಿತ್ತು. ವುವೊಕತ್ತಿಯಲ್ಲಿ 1997ರಿಂದ ಸ್ಕೀ ಸುರಂಗವೂ ಉಂಟು.

ಸಾಧನ ಮತ್ತು ಪೂರ್ವೇತಿಹಾಸ : ರಷ್ಯದ ಕೋಮಿ ಸೀಮೆಯ ವಿಸ್ ಎಂಬಲ್ಲಿ ದೊರೆತ ಸ್ಕೀ ತುಣುಕುಗಳು ಸುಮಾರು 8,000 ವರ್ಷಗಳಷ್ಟು ಹಳೆಯವು, ಅವುಗಳಲ್ಲೊಂದರ ಅಡಿಯಲ್ಲಿ ಎಲ್ಕ್ ಮೃಗದ ತಲೆಯನ್ನು ಕೆತ್ತಲಾಗಿದೆ. ಫಿನ್ಲೆಂಡಿನಲ್ಲಿ ಹಿಂದೆ, ಜಾರಲು ಉದ್ದನೆಯ ಲ್ಯುಲ್ಯು, ಒದೆಯಲು ತೊಗಲು ಹೊದಿಸಿದ ಗಿಡ್ಡನೆಯ ಕಲ್ಹು ಎಂಬ ಅಸಮಾನ ಜೋಡಿಯ ಬಳಕೆಯಿತ್ತು. ಮರದ ಸ್ಕೀಗಳ ಅಡಿಗೆ ಪ್ರತಿ ಶರತ್ಕಾಲದಲ್ಲಿ ಪೈನ್ ಟಾರನ್ನು ಕಾಯಿಸಿ ಹಚ್ಚುತ್ತಿದ್ದರು; ಹತ್ತೊಂಬತ್ತನೆಯ ಶತಮಾನದಲ್ಲಿ ಕೈನೂವಿನ ಜೀವನೋಪಾಯವೇ ಈ ಟಾರಾಗಿದ್ದು, ಪೀಪಾಯಿಗಳು ಉದ್ದನೆಯ ದೋಣಿಗಳಲ್ಲಿ ರಭಸದ ನದಿಯಿಳಿದು ಔಲು ಬಂದರನ್ನು ಸೇರುತ್ತಿದ್ದವು. 1974ರ ಫಾಲುನ್ ವಿಶ್ವಸ್ಪರ್ಧೆಯಲ್ಲಿ ಸ್ವೀಡನ್ನಿನ ತೊಮಾಸ್ ಮಾಗ್ನುಸ್ಸೊನ್ 30 ಕಿಲೋಮೀಟರ್ ಓಟವನ್ನು ಫೈಬರ್‌ಗ್ಲಾಸ್ ಸ್ಕೀಗಳ ಮೇಲೆ ಗೆದ್ದ ನಂತರ ಮರದ ಸ್ಕೀಗಳು ಸ್ಪರ್ಧೆಗಳಿಂದ ಬೇಗನೆ ಮರೆಯಾದವು. ಆದರೆ ಮೊದಲ ಹಿಮಕ್ಕೆ ಇಂದಿಗೂ ಹೊಸ ಸ್ಕೀಗಳನ್ನು ಯಾರೂ ಹೊರತೆಗೆಯುವುದಿಲ್ಲ. ಅದಕ್ಕೆಂದೇ ಇಟ್ಟುಕೊಂಡ ಹಳೆಯ ಜೋಡಿಗೆ ಕಿವಿಸುಕ್ಸೆತ್, ಅಂದರೆ ಕಲ್ಲುಸ್ಕೀ, ಎಂದು ಹೆಸರು. ಕಿವಿ ಎಂಬುದು ಆ ಭಾಷೆಯಲ್ಲಿ ಕಲ್ಲಿನ ವಾಚಕ. ಅವುಗಳನ್ನು ಮಗುಚಿ ನೋಡಿದರೆ ಅಡಿಯ ಕರಿಯ ಪ್ಲಾಸ್ಟಿಕ್ಕಿನ ಉದ್ದಕ್ಕೂ, ಹಿಂದಿನ ನವೆಂಬರುಗಳಲ್ಲಿ ಜಲ್ಲಿಕಲ್ಲು ಎಳೆದ ಬಿಳಿಯ ಗೀರುಗಳು ಒಂದರ ಪಕ್ಕ ಒಂದು ಕಾಣುತ್ತವೆ.