ಮಕ್ಕಳ ಹಲ್ಲು, ಕುಡಿಯುವ ನೀರು: ಹುನಗುಂದ ಸೀಮೆಯ ಒಂದು ಕಥೆ

ಐಹೊಳೆಯ ಗುಡಿಗಳು ಮರಳುಗಲ್ಲಿನವು. ಅವುಗಳನ್ನು ಕಟ್ಟಿದ ಜನ ಮಲಪ್ರಭೆಯ ನೀರು ಕುಡಿದವರು. ಅಲ್ಲಿಂದ ಮೂಡಣಕ್ಕೆ ಇಳಕಲ್ ಕಡೆ ಸಾಗಿದರೆ ನೆಲದ ಗುಣವೇ ಬದಲಾಗುತ್ತದೆ. ಸೀರೆಯಷ್ಟೇ ಹೆಸರಾದ ಅಲ್ಲಿನ ಕೆಂಪು ಗ್ರಾನೈಟ್ ನೆಲದಾಳದಲ್ಲೂ ಹಬ್ಬಿದೆ. ಇಂಥ ಶಿಲೆಯ ಖನಿಜಗಳಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ನಿಧಾನವಾಗಿ ಇಳಿಯುತ್ತದೆ.

ಹಿಂದೆ ಈ ಸೀಮೆಯ ಜನ ಹೊಳೆ, ಹಳ್ಳ, ಕೆರೆ ಮತ್ತು ಮೆಟ್ಟಿಲುಬಾವಿಗಳನ್ನು ನಂಬಿದ್ದರು. ಆ ಬಾವಿಗಳಲ್ಲಿ ನಾರುಹುಣ್ಣಿನ ಭಯವಿತ್ತು. ಕರ್ನಾಟಕವೂ ಆ ರೋಗ ಕಾಡಿದ ರಾಜ್ಯಗಳಲ್ಲಿ ಒಂದು. ಬರಗಾಲಗಳು ಬಂದವು, ಅವುಗಳ ಬೆನ್ನಿಗೆ ಕೊಳವೆ ಬಾವಿಗಳು, ಕೈಪಂಪುಗಳು ಬಂದವು. 1996ರ ನಂತರ ದೇಶದಲ್ಲಿ ನಾರುಹುಣ್ಣು ಕಾಣಿಸಿಕೊಳ್ಳಲಿಲ್ಲ. ಇದು ಸಣ್ಣ ಸಾಧನೆಯಲ್ಲ. ಆದರೆ ಆಳದಿಂದ ಬಂದ ತಿಳಿನೀರು ಕೆಲವು ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳನ್ನೂ ಕಂದು ಗೆರೆಗಳನ್ನೂ ಮೂಡಿಸಿತು. ಹಲ್ಲು ಸರಿಯಾಗಿ ತಿಕ್ಕುವುದಿಲ್ಲವೆಂದು ಮಕ್ಕಳನ್ನು ಬೈದವರೆಷ್ಟು ಮಂದಿಯೋ!

ಈ ಕಲೆಯ ರಹಸ್ಯ ಬಿಡಿಸಿದ ಕಥೆ ದೂರದ ಅಮೆರಿಕದ್ದು. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲಿನ ಕಂದು ಕಲೆ ಕಂಡು ಬೆರಗಾದರು. 1923ರಲ್ಲಿ ಅವರು ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದರು. ಬಿಸಿನೀರಿನ ಬುಗ್ಗೆಯಿಂದ ಹೊಸ ಕೊಳವೆ ಹಾಕಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬಂತೆಂದು ಹೇಳಿದವರು ಅಲ್ಲಿನ ತಂದೆತಾಯಿಗಳೇ. ಪರೀಕ್ಷಿಸಿದಾಗ ನೀರಿನಲ್ಲಿ ಏನೂ ಸಿಗಲಿಲ್ಲ. ಆದರೂ ಮೆಕೇ ಆ ಕೊಳವೆ ಬಿಟ್ಟು ಬೇರೆ ಬುಗ್ಗೆಯ ನೀರು ತರಿಸಿರೆಂದರು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಕಾರಣ ಫ್ಲೋರೈಡ್ ಎಂದು ತಿಳಿದದ್ದು 1931ರಲ್ಲಿ. ನಮ್ಮಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್ ವರದಿಯಾಯಿತು.

ಕಿರಿಯರಿಗೆ ಮಾತ್ರ ಏಕೆ ಲಾಭವಾಯಿತು? ಶಾಶ್ವತ ಹಲ್ಲುಗಳ ಹೊರಕವಚ ವಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು 8 ವರ್ಷದೊಳಗೆ. ಎದುರು ಹಲ್ಲುಗಳದು ಇನ್ನೂ ಬೇಗ. ಏಳನೆಯ ವಯಸ್ಸಿನಲ್ಲಿ ಕಾಣುವ ಕಲೆ ಎರಡು ಮೂರರ ವಯಸ್ಸಿನಲ್ಲಿ ಕುಡಿದ ನೀರಿನದು. ಇದ್ದಿಲಿನಿಂದ ಎಷ್ಟು ತಿಕ್ಕಿದರೂ ಅದು ಹೋಗದು. ಕವಚ ಸವೆಯುತ್ತದೆ, ಅಷ್ಟೆ. ಕೈಯಿಂದ ಬಾಯಿ ಮುಚ್ಚಿಕೊಂಡು ನಗುವ ಹುಡುಗಿಯ ಸಂಕಟ ಯಾವ ಅಳತೆಗೂ ಸಿಗುವಂಥದ್ದಲ್ಲ.

ನಮ್ಮ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೇಲು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಬಿಸಿಲು ನಾಡಿನಲ್ಲಿ ಮಕ್ಕಳು ಹೆಚ್ಚು ನೀರು ಕುಡಿಯುವುದರಿಂದ ಕಡಿಮೆಯಿದ್ದಷ್ಟೂ ಒಳ್ಳೆಯದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಪಟಿಕ ಮತ್ತು ಸುಣ್ಣದಿಂದ ಅದನ್ನು ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು.

ಹಾಗೆಂದು ಫ್ಲೋರೈಡ್ ಶತ್ರುವೇನಲ್ಲ. ಮಿತವಾಗಿದ್ದರೆ ಹುಳುಕನ್ನು ತಡೆಯುವುದೂ ಅದೇ. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆಂದು ಅಲಕ್ಷಿಸುವವರು ಬಹಳ; ಹಿಂದೆ ಬರುವ ಹಲ್ಲಿಗೆ ಜಾಗ ಕಾಯುವುದು ಅದೇ. ಮೊದಲ ಹಲ್ಲು ಮೂಡಿದಾಗಿನಿಂದಲೇ ಶುಚಿ ಮಾಡಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಅದನ್ನು ನುಂಗದಂತೆ ತಾಯಿ ಪಕ್ಕದಲ್ಲಿರಬೇಕು. ಕೈಪಂಪಿನ ನೀರು ಪರೀಕ್ಷೆಯಾಗದ ಊರಿನಲ್ಲಂತೂ ಇನ್ನೂ ಎಚ್ಚರದಿಂದ.