ಗೇರ್‌ಲೆಸ್ ಸ್ಕೂಟರಿನ ವೇಗಕುಸಿತ

100ರಿಂದ 125 ಸಿಸಿ ಎಂಜಿನ್‌ನ ಸ್ಕೂಟರು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದರೂ ತನ್ನ ಸಹಜ ಗರಿಷ್ಠ ವೇಗವನ್ನು ಮುಟ್ಟದಿರುವ ಸ್ಥಿತಿಯನ್ನು ವೇಗಕುಸಿತ ಎನ್ನಬಹುದು. ಭಾರತದ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ 110 ಸಿಸಿ ಸ್ಕೂಟರುಗಳ ಎಂಜಿನ್ ಸುಮಾರು 8 ಅಶ್ವಶಕ್ತಿಯದು. ಒಬ್ಬರೇ ಕೂತು ಸಮತಟ್ಟಾದ ರಸ್ತೆಯಲ್ಲಿ ಹೋದರೆ ಅವು ಗಂಟೆಗೆ 80–85 ಕಿ.ಮೀ. ಮುಟ್ಟುತ್ತವೆ. ಅದೇ ಗಾಡಿ 55ಕ್ಕೋ 60ಕ್ಕೋ ನಿಂತುಬಿಟ್ಟರೆ ಎಲ್ಲೋ ದೋಷವಿದೆ. ಊರೊಳಗೆ 80ರಲ್ಲಿ ಓಡಿಸುವ ಅಗತ್ಯ ಯಾರಿಗೂ ಇಲ್ಲ, ಓಡಿಸಲೂ ಕೂಡದು. ಆದರೂ ಈ ಲಕ್ಷಣವನ್ನು ಕಡೆಗಣಿಸುವಂತಿಲ್ಲ. ಎಂಜಿನ್, ಬೆಲ್ಟ್, ಬ್ರೇಕ್ ಮೂರರ ಆರೋಗ್ಯವೂ ಗರಿಷ್ಠ ವೇಗದಲ್ಲಿ ಒಟ್ಟಿಗೆ ಗೊತ್ತಾಗುತ್ತದೆ. ವೇಗ ಕುಸಿದ ಗಾಡಿಯಲ್ಲಿ ಸಾಮಾನ್ಯವಾಗಿ ಮೈಲೇಜೂ ಕುಸಿದಿರುತ್ತದೆ.

ಯಂತ್ರರಚನೆ

ಗೇರ್ ಹಾಕುವ ಕೆಲಸವನ್ನು ಈ ಸ್ಕೂಟರುಗಳಲ್ಲಿ ಒಂದು ರಬ್ಬರ್ ಬೆಲ್ಟ್ ಮತ್ತು ಎರಡು ಪುಲ್ಲಿಗಳು ಮಾಡುತ್ತವೆ. ಇದನ್ನು ಸಿವಿಟಿ ಎನ್ನುತ್ತಾರೆ. ನೆದರ್ಲೆಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ಕಾರಿನಲ್ಲಿ ಇದನ್ನು ತಂದಿತು. ಭಾರತದ ಸವಾರರಿಗೆ ಇದು ಪರಿಚಯವಾದದ್ದು 1980ರ ದಶಕದ ಕೈನೆಟಿಕ್ ಹೋಂಡಾದಿಂದ, ಮನೆಮಾತಾದದ್ದು 2001ರಲ್ಲಿ ಬಂದ ಆಕ್ಟಿವಾದಿಂದ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಲ್ಲೂ ಇಂಥ ಸ್ಕೂಟರುಗಳು ತಯಾರಾಗುತ್ತವೆ.

ಎಂಜಿನ್‌ನ ಕಡೆಗಿರುವ ಪುಲ್ಲಿಗೆ ವೇರಿಯೇಟರ್ ಎಂದು ಹೆಸರು. ಅದರೊಳಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಒಂದು ತಟ್ಟೆಯನ್ನು ಇನ್ನೊಂದರ ಹತ್ತಿರಕ್ಕೆ ನೂಕುತ್ತವೆ. ನಡುವಿನ ಜಾಗ ಕಿರಿದಾಗಿ ಬೆಲ್ಟ್ ಪುಲ್ಲಿಯ ಅಂಚಿನ ಕಡೆಗೆ ಏರುತ್ತದೆ. ಬೆಲ್ಟಿನ ಉದ್ದ ಬದಲಾಗದ ಕಾರಣ ಹಿಂದಿನ ಪುಲ್ಲಿ ತನ್ನ ಸ್ಪ್ರಿಂಗಿನ ಒತ್ತಡವನ್ನು ಮೀರಿ ತೆರೆದುಕೊಳ್ಳುತ್ತದೆ, ಬೆಲ್ಟ್ ಅಲ್ಲಿ ಒಳಕ್ಕಿಳಿಯುತ್ತದೆ. ಮುಂದೆ ಪೂರ್ತಿ ಏರಿ, ಹಿಂದೆ ಪೂರ್ತಿ ಇಳಿದಾಗ ಸಿಗುವುದೇ ಟಾಪ್ ಗೇರ್. ಹಿಂದಿನ ಪುಲ್ಲಿಯ ಜೊತೆಗಿರುವ ಕ್ಲಚ್ ಶೂಗಳು ಹೊರಗಿನ ಡ್ರಮ್ಮನ್ನು ಹಿಡಿದು ಚಕ್ರವನ್ನು ತಿರುಗಿಸುತ್ತವೆ.

ಸಹಜ ಮಿತಿ, ನಿಜವಾದ ದೋಷ

ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. 60ರಲ್ಲಿ ಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ 80ರಲ್ಲಿ ಬೇಕು. ಇದನ್ನು ತಿರುಗಿಸಿ ನೋಡಿದರೆ ತಪಾಸಣೆಗೆ ಒಳ್ಳೆಯ ಸುಳಿವು ಸಿಗುತ್ತದೆ. ಎಂಜಿನ್‌ನ ಶಕ್ತಿ ಹತ್ತನೇ ಒಂದು ಭಾಗ ತಗ್ಗಿದರೂ ಗರಿಷ್ಠ ವೇಗ ಇಳಿಯುವುದು ಎರಡು ಮೂರು ಕಿ.ಮೀ. ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳುವಾದ್ದರಿಂದ ಎಂಜಿನ್‌ಗೆ ಸಿಗುವ ಶಕ್ತಿಯೂ ಹೆಚ್ಚುಕಡಿಮೆ ಅದೇ ಹತ್ತನೇ ಒಂದು ಭಾಗದಷ್ಟು ಕಡಿಮೆ. ಹಾಗಿದ್ದೂ ಬೆಂಗಳೂರಿನ ಗಾಡಿ 60ಕ್ಕೆ ನಿಂತರೆ ಊರಿನ ಎತ್ತರವನ್ನು ದೂರುವಂತಿಲ್ಲ. 20 ಕಿ.ಮೀ. ಕುಸಿತ ಎಂದರೆ ದೊಡ್ಡ ನಷ್ಟ, ಅದಕ್ಕೆ ತಕ್ಕ ದೊಡ್ಡ ಕಾರಣ ಇದ್ದೇ ಇರುತ್ತದೆ.

ಘಾಟಿಯ ಮಾತು ಬೇರೆ. ಇಬ್ಬರನ್ನು ಹೊತ್ತು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರುವ 110 ಸಿಸಿ ಸ್ಕೂಟರು 40ರ ಆಸುಪಾಸಿಗೆ ಇಳಿದರೆ ಅದು ದೋಷವಲ್ಲ. ಎದುರುಗಾಳಿಯೂ ಮೋಸ ಮಾಡುತ್ತದೆ. ಹಾಗಾಗಿ ವೇಗವನ್ನು ಅಳೆಯುವಾಗ ಸಮತಟ್ಟಾದ, ಖಾಲಿ ರಸ್ತೆಯಲ್ಲಿ, ಅಲ್ಲಿನ ವೇಗಮಿತಿಯೊಳಗೇ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ನೋಡಬೇಕು. ಸ್ಪೀಡೋಮೀಟರುಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚೇ ತೋರಿಸುವುದರಿಂದ ಮೊಬೈಲಿನ ಜಿಪಿಎಸ್‌ನೊಂದಿಗೆ ತಾಳೆ ನೋಡುವುದು ಒಳ್ಳೆಯದು.

ಕಿವಿಯಿಂದ ತಪಾಸಣೆ

ಬಿಚ್ಚುವ ಮೊದಲು ಕೇಳಬೇಕು. ಪೂರ್ತಿ ರೇಸ್ ಕೊಟ್ಟಾಗ ಎಂಜಿನ್ ಜೋರಾಗಿ ಕಿರುಚುತ್ತಿದ್ದು ಗಾಡಿ ಮಾತ್ರ ಮುಂದೆ ಓಡದಿದ್ದರೆ, ಶಕ್ತಿ ಹುಟ್ಟುತ್ತಿದೆ, ಚಕ್ರಕ್ಕೆ ತಲುಪುತ್ತಿಲ್ಲ. ದೋಷ ಬೆಲ್ಟ್, ವೇರಿಯೇಟರ್, ಕ್ಲಚ್‌ಗಳಲ್ಲಿದೆ. ಎಂಜಿನ್ ಸದ್ದೇ ಏರದೆ ಉಸಿರುಗಟ್ಟಿದಂತೆ ಒದ್ದಾಡುತ್ತಿದ್ದರೆ ಒಂದೋ ಎಂಜಿನ್‌ಗೆ ಗಾಳಿ, ಪೆಟ್ರೋಲ್, ಕಿಡಿ ಸರಿಯಾಗಿ ಸಿಗುತ್ತಿಲ್ಲ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಇಷ್ಟು ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಭರ್ರನೆ ತಿರುಗಿಸಿ ತೋರಿಸುವುದು ಪರೀಕ್ಷೆಯೇ ಅಲ್ಲ. ಹೊರೆ ಇಲ್ಲದ ಚಕ್ರ ಎಂಥ ಬೆಲ್ಟಿನಲ್ಲೂ ತಿರುಗುತ್ತದೆ.

ಬೆಲ್ಟ್ ಮತ್ತು ವೇರಿಯೇಟರ್

ಹಂತಹಂತವಾಗಿ, ತಿಂಗಳುಗಟ್ಟಲೆ ಅವಧಿಯಲ್ಲಿ ಕುಸಿದ ವೇಗಕ್ಕೆ ಮೊದಲ ಸಂಶಯ ಬೆಲ್ಟಿನ ಮೇಲೆ. ಅದು ಹರಿಯುವುದಕ್ಕೆ ಬಹಳ ಮೊದಲೇ ಅಗಲದಲ್ಲಿ ಸವೆಯುತ್ತದೆ. ಸವೆದ ಬೆಲ್ಟ್ ಪುಲ್ಲಿಯ ಅಂಚಿನವರೆಗೆ ಏರಲಾರದು, ಆದ್ದರಿಂದ ಟಾಪ್ ಗೇರೇ ಸಿಗುವುದಿಲ್ಲ. ನೋಡಲು ಬಿರುಕಿಲ್ಲದ, ಗಟ್ಟಿಮುಟ್ಟಾದ ಬೆಲ್ಟೂ ಹೀಗಾಗಿರಬಹುದು. ಕಣ್ಣಂದಾಜು ಇಲ್ಲಿ ಸಾಲದು, ವರ್ನಿಯರ್ ಕ್ಯಾಲಿಪರ್ ಹಿಡಿದು ಅಗಲ ಅಳೆದು ಕಂಪನಿ ಹೇಳಿದ ಕನಿಷ್ಠ ಅಳತೆಯೊಂದಿಗೆ ಹೋಲಿಸಬೇಕು. ಬಹುತೇಕ ಮಾದರಿಗಳಲ್ಲಿ 20ರಿಂದ 25 ಸಾವಿರ ಕಿ.ಮೀ.ಗೆ ಬೆಲ್ಟ್ ಬದಲಿಸಬೇಕಾಗುತ್ತದೆ.

ಅಳೆಯುವುದಕ್ಕಿಂತಲೂ ನೇರವಾದ ಪರೀಕ್ಷೆ ಇನ್ನೊಂದಿದೆ. ಕವರ್ ಬಿಚ್ಚಿ, ಮುಂದಿನ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಕವರ್ ಮುಚ್ಚಿ, ಗಾಡಿಯನ್ನು ಸಾಧ್ಯವಾದ ವೇಗದವರೆಗೆ ಓಡಿಸಿ ತಂದು ಮತ್ತೆ ಬಿಚ್ಚಿ ನೋಡಿದರೆ, ಬೆಲ್ಟ್ ಉಜ್ಜಿದಷ್ಟು ದೂರ ಗೆರೆ ಅಳಿಸಿರುತ್ತದೆ. ಅಂಚಿನ ಹತ್ತಿರ ಅಗಲವಾಗಿ ಮಸಿ ಉಳಿದಿದ್ದರೆ ಬೆಲ್ಟ್ ಅಲ್ಲಿಗೆ ಹೋಗಿಲ್ಲ. ಕಾರಣ ಸವೆದ ಬೆಲ್ಟೇ ಇರಬಹುದು, ಇಲ್ಲವೇ ರೋಲರ್ ಅಥವಾ ಹಿಂದಿನ ಪುಲ್ಲಿ ಇರಬಹುದು.

ರೋಲರುಗಳು ದುಂಡಗಿದ್ದರೆ ಮಾತ್ರ ಉರುಳುತ್ತವೆ. ಒಂದೇ ಕಡೆ ಸವೆದು ಚಪ್ಪಟೆಯಾದರೆ ಅಲ್ಲಲ್ಲೇ ಸಿಕ್ಕಿಕೊಂಡು ಪೂರ್ತಿ ಹೊರಕ್ಕೆ ಸರಿಯುವುದಿಲ್ಲ. ಇಂಥ ಗಾಡಿ ಒಂದು ವೇಗದಲ್ಲಿ ಕೊಸರಾಡಿ ಆಮೇಲೆ ತಟಕ್ಕನೆ ಹಾರುವುದುಂಟು. ಆರರಲ್ಲಿ ಎರಡು ಮಾತ್ರ ಸವೆದಿದ್ದರೂ ಆರನ್ನೂ ಬದಲಿಸಬೇಕು. ಹಿಂದಿನ ಪುಲ್ಲಿಯ ಒಳಗಿನ ಗೈಡ್ ಪಿನ್ನುಗಳ ಗ್ರೀಸ್ ಒಣಗಿದರೆ ಆ ತಟ್ಟೆ ತೆರೆದುಕೊಳ್ಳದೆ ಬೆಲ್ಟನ್ನು ಮೇಲೇ ಹಿಡಿದಿಡುತ್ತದೆ. ಹೊಸ ಬೆಲ್ಟ್, ಹೊಸ ರೋಲರ್ ಹಾಕಿಸಿಯೂ ವೇಗ ಬರಲಿಲ್ಲ ಎಂಬ ದೂರಿದ್ದರೆ ಈ ಪಿನ್ನುಗಳನ್ನು ಬಿಚ್ಚಿ ನೋಡಬೇಕು. ಅನೇಕರು ಆ ಭಾಗವನ್ನು ಮುಟ್ಟುವುದೇ ಇಲ್ಲ. ಆಯಿಲ್ ಸೀಲ್ ಸೋರಿ ಬೆಲ್ಟಿಗೆ ಎಣ್ಣೆ ತಾಗಿದ್ದರೆ ಬೆಲ್ಟ್ ಜಾರುತ್ತದೆ. ಆಗ ಸೀಲನ್ನೂ ಬದಲಿಸದೆ ಬೆಲ್ಟ್ ಮಾತ್ರ ಹಾಕಿದರೆ ಹಣ ದಂಡ. ಕ್ಲಚ್ ಶೂ ಸವೆತ ಹೆಚ್ಚಾಗಿ ಗೊತ್ತಾಗುವುದು ಹೊರಡುವಾಗ ಮತ್ತು ಏರಿನಲ್ಲಿ. ಡ್ರಮ್ ಕಾದು ನೀಲಿ ಬಣ್ಣಕ್ಕೆ ತಿರುಗಿದ್ದರೆ ಕ್ಲಚ್ ಜಾರಿದ್ದು ಖಚಿತ.

ಬೆಲ್ಟ್ ಕೂರಿಸುವ ಕ್ರಮವೂ ಮುಖ್ಯ. ಹಿಂದಿನ ಪುಲ್ಲಿಯನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ತಳ್ಳಿದರೆ ಮಾತ್ರ ಮುಂದೆ ಸಡಿಲ ಸಿಗುತ್ತದೆ. ಹಾಗೆ ಮಾಡದೆ ಮುಂದಿನ ನಟ್ ಬಿಗಿದರೆ ತಟ್ಟೆಗಳ ನಡುವೆ ಬೆಲ್ಟ್ ಸಿಕ್ಕಿಕೊಂಡು ನಟ್ ಬಿಗಿಯಾದಂತೆ ತೋರುತ್ತದೆ. ಓಡಿಸಿದ ಮೇಲೆ ಸಡಿಲವಾಗಿ ಕ್ರ್ಯಾಂಕಿನ ಹಲ್ಲುಗಳನ್ನೇ ತಿಂದುಹಾಕುತ್ತದೆ.

ಎಂಜಿನ್

ಮೊದಲು ಸುಲಭದ್ದು: ಹ್ಯಾಂಡಲಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿದಾಗ ಕೆಳಗೆ ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ ನೋಡಬೇಕು. ಕೇಬಲ್ ಜೋತಿದ್ದರೆ ಮುಕ್ಕಾಲಕ್ಕೇ ನಿಲ್ಲುತ್ತದೆ. ಆಮೇಲೆ ಏರ್ ಫಿಲ್ಟರ್. ಎಣ್ಣೆ ಲೇಪಿಸಿದ ಕಾಗದದ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕುವುದು ತಪ್ಪು, ಬದಲಿಸಲೇಬೇಕು.

2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬರುವ ಮೊದಲಿನ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಒಂದು ವಿಶಿಷ್ಟ ದೋಷ ಕಾಣುತ್ತದೆ. ಅನೇಕ ಮಾದರಿಗಳ ಕಾರ್ಬ್ಯುರೇಟರಿನಲ್ಲಿ ತೆಳು ರಬ್ಬರಿನ ಡಯಾಫ್ರಮ್ ಇದ್ದು, ಅದು ನಿರ್ವಾತದ ಎಳೆತಕ್ಕೆ ಪಿಸ್ಟನ್ನನ್ನು ಮೇಲೆತ್ತುತ್ತದೆ. ರಬ್ಬರಿನಲ್ಲಿ ಸಣ್ಣ ತೂತು ಬಿದ್ದರೆ ಐಡ್ಲಿಂಗ್ ಸರಿಯಾಗಿಯೇ ಇರುತ್ತದೆ, ಸ್ಟಾರ್ಟ್ ಕೂಡ ಆಗುತ್ತದೆ, ಆದರೆ 40–50 ದಾಟುವುದಿಲ್ಲ. ಬೆಳಕಿಗೆ ಹಿಡಿದು ಎಳೆದು ನೋಡಿದರೆ ತೂತು ಕಾಣುತ್ತದೆ. ಮೇನ್ ಜೆಟ್ ಕಟ್ಟಿಕೊಂಡರೂ ನಿಧಾನದಲ್ಲಿ ಚೆನ್ನಾಗಿ ಓಡಿ ಪೂರ್ತಿ ರೇಸಿನಲ್ಲಿ ಮಾತ್ರ ಮುಗ್ಗರಿಸುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸುವುದೇ ಮೊದಲ ಕೆಲಸ. ಪೆಟ್ರೋಲ್ ಮುಚ್ಚಳದ ಗಾಳಿಕಿಂಡಿ ಮುಚ್ಚಿದ್ದರೆ ಸ್ವಲ್ಪ ದೂರ ಓಡಿ ಸೊರಗುತ್ತದೆ. ಮುಚ್ಚಳ ತೆರೆದಾಗ ಗಾಳಿ ಎಳೆದುಕೊಂಡ ಸದ್ದು ಬರುತ್ತದೆ. ಬಹಳ ದಿನ ನಿಂತ ಗಾಡಿಯ ಸೈಲೆನ್ಸರಿನಲ್ಲಿ ಕಡಜ ಗೂಡು ಕಟ್ಟುವುದೂ ಉಂಟು.

ಇವೆಲ್ಲ ಸರಿಯಿದ್ದರೆ ಟ್ಯಾಪೆಟ್ ಗ್ಯಾಪ್ ಪರೀಕ್ಷಿಸಿ ಕಂಪ್ರೆಷನ್ ಅಳೆಯಬೇಕು. ವಾಲ್ವ್ ಪೂರ್ತಿ ಮುಚ್ಚದೆ, ಅಥವಾ ಪಿಸ್ಟನ್ ರಿಂಗ್ ಸವೆದು ಒತ್ತಡ ಸೋರಿದರೆ ಆಗ ಮಾತ್ರ ಎಂಜಿನ್ ಬಿಚ್ಚುವ ಮಾತು. ಗೇಜ್ ಹಾಕಿ ಅಳೆಯದೆ ಬೋರ್ ಕೆಲಸ ಮಾಡಿಸಬೇಕೆನ್ನುವ ಸಲಹೆಯನ್ನು ಒಪ್ಪಬಾರದು.

ಬ್ರೇಕ್ ಮತ್ತು ಟೈರ್

ಡಬಲ್ ಸ್ಟ್ಯಾಂಡ್ ಹಾಕಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಬೇಕು. ಸರಾಗವಾಗಿ ತಿರುಗದಿದ್ದರೆ, ಅಥವಾ ಓಡಿಸಿದ ಮೇಲೆ ಡ್ರಮ್ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ. ಹೊಸ ಶೂ ಹಾಕಿಸಿದ ಮರುದಿನವೇ ವೇಗ ಕುಸಿದರೆ ಬೇರೆಡೆ ಹುಡುಕುವುದು ಬೇಡ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ವೇಗ ತಗ್ಗುತ್ತದೆ. ಅದು 110 ಸಿಸಿ ಗಾಡಿಗಳಲ್ಲಿ ಮುಂದೆ 22, ಹಿಂದೆ 29 ಪಿಎಸ್‌ಐ ಆಸುಪಾಸು ಇರುತ್ತದೆ. ಸರಿಯಾದ ಅಂಕಿ ಗಾಡಿಯ ಕೈಪಿಡಿಯಲ್ಲಿದೆ.

ಮಾರ್ಪಾಡುಗಳು

ಯುರೋಪಿನಲ್ಲಿ 50 ಸಿಸಿ ಮೊಪೆಡ್‌ಗಳನ್ನು ಕಾನೂನಿನ ಪ್ರಕಾರವೇ 45 ಕಿ.ಮೀ.ಗೆ ಮಿತಿಗೊಳಿಸುತ್ತಾರೆ. ಅಲ್ಲಿ ಕಡಿಮೆ ವೇಗ ಎಂಬುದು ಎಷ್ಟೋ ಸಲ ದೋಷವಲ್ಲ, ನಿರ್ಬಂಧ. ಭಾರತದ 110 ಸಿಸಿ ಗಾಡಿಗಳಿಗೆ ಆ ಮಿತಿ ಇಲ್ಲ, ಆದ್ದರಿಂದ ನಿರ್ಬಂಧ ತೆಗೆಯುವ ಅಲ್ಲಿನ ಉಪಾಯಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಗುರ ರೋಲರ್ ಹಾಕಿದರೆ ಪಿಕಪ್ ಚುರುಕಾಗುತ್ತದೆ, ಆದರೆ ಎಂಜಿನ್ ಸದಾ ಹೆಚ್ಚು ತಿರುಗಿ ಮೈಲೇಜ್ ಇಳಿಯುತ್ತದೆ, ಗರಿಷ್ಠ ವೇಗ ಏರುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಂದಿನ ಪುಲ್ಲಿ ತೆರೆಯದೆ ವೇಗ ಇನ್ನೂ ಕುಸಿಯಬಹುದು. ದೋಷ ಹುಡುಕುವ ಹೊತ್ತಿನಲ್ಲಿ ಕಂಪನಿ ಹೇಳಿದ ತೂಕದ ರೋಲರ್, ಕಂಪನಿಯ ಸ್ಪ್ರಿಂಗ್ ಇರುವುದೇ ಸರಿ. ಬೆಲ್ಟ್, ರೋಲರ್ ಬದಲಿಸಿದಾಗಲೆಲ್ಲ ಹಳೆಯವನ್ನು ಗ್ಯಾರೇಜಿನಿಂದ ಕೇಳಿ ಪಡೆದು ಅವುಗಳ ಸವೆತವನ್ನು ಕಣ್ಣಾರೆ ನೋಡಿ, ಓಡಿದ ಕಿಲೋಮೀಟರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.